ಸಾವಿರದ ಇನ್ನೂರರಲ್ಲಿ

ಮೊದಲು ಗೊತ್ತಾದದ್ದು ಚಹಾದ ಲೋಟಕ್ಕೆ.
ಇಂಜಿನ್ ಪೆಟ್ಟಿಗೆಯ ಮೇಲಿಟ್ಟರೆ
ಸಾವಿರದಲ್ಲಿ ಸುಮ್ಮನಿರುತ್ತಿತ್ತು,
ಸಾವಿರದ ಐನೂರರಲ್ಲೂ ಸುಮ್ಮನೆ.
ನಡುವೆ, ಸಾವಿರದ ಇನ್ನೂರಕ್ಕೆ ಮುಳ್ಳು ಬಂತೋ
ಏಡಿಮರಿಯಂತೆ ಅಡ್ಡಡ್ಡ ಹರಿದು
ಅಂಚಿನಿಂದ ಕೆಳಗೆ.

ನಾನು ಬೆಲ್ಟಿಗೆ ಬೈದೆ. ಮೂರು ಬದಲಿಸಿದೆ.
ಮೌಂಟಿಂಗಿನ ರಬ್ಬರು, ಶಾಫ್ಟಿನ ಬೇರಿಂಗು,
ಪಂಖಕ್ಕೆ ಸುತ್ತಿದ ಹಳೇ ಬಲೆಯ ಚೂರು, ಎಲ್ಲ ನೋಡಿದೆ.
ಚೌತಿಯ ಹಿಂದಿನ ವಾರ ಟೈಮಿಂಗ್ ಗುರುತು ಹುಡುಕಿ
ಪಂಪನ್ನೂ ಸರಿಸಿ ಕೂರಿಸಿದೆ.
"ಡ್ರೈವರೇ ಸರಿಯಿಲ್ಲ" ಎಂದರು ಮಂಗೇಶ ತಾಂಡೇಲರು,
ಬೈತಖೋಲದ ಧಕ್ಕೆಯ ಮೇಲೆ, ಎಲ್ಲರೆದುರು,
ಬಾಯೊಳಗಿನ ಕಡ್ಡಿ ತೆಗೆಯದೆ.

ಆಮೇಲೆ ಇನಾಸ ಬಂದ.
ನಲವತ್ತು ವರ್ಷದ ಡೀಸೆಲ್ ಸದ್ದು ಕುಡಿದು
ಎರಡು ಕಿವಿಯೂ ತುಂಬಿಹೋದವನು.
ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಒತ್ತಿ
ಹಿಡಿಕೆ ಹಲ್ಲಿನಲ್ಲಿ ಕಚ್ಚಿ
ಕಣ್ಣು ಮುಚ್ಚಿ ನಿಂತ,
ಭಾನುವಾರ ಇಗರ್ಜಿಯಲ್ಲಿ ನಿಲ್ಲುವಂತೆ.
ಹಿಂದಿನ ಸಿಲಿಂಡರಿನಿಂದ ಮುಂದಕ್ಕೆ
ಒಂದೊಂದೇ ಹೆಜ್ಜೆ. ಮೂತಿಯ ಹತ್ತಿರ ಬಂದಾಗ
ಹಿಡಿಕೆ ಬಾಯಿಂದ ತೆಗೆದು "ಬಂದ್ ಕರ್" ಎಂದ.

ಕ್ರ್ಯಾಂಕಿನ ಮೂಗಿಗೆ ಒಂದು ಚಕ್ರ.
ಒಳಗೆ ಕಬ್ಬಿಣದ ಗುಂಬ, ಹೊರಗೆ ಭಾರದ ಬಳೆ,
ಎರಡರ ನಡುವೆ ಬೆರಳಗಲ ರಬ್ಬರು.
ಆರು ಸಿಲಿಂಡರು ಸರದಿಯಲ್ಲಿ ಗುದ್ದುವಾಗ
ಉಕ್ಕಿನ ದಂಡವೂ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದಂತೆ,
ಕೂದಲೆಳೆಯಷ್ಟು.
ಆ ತಿರುಚು ನುಂಗುವುದು ಇದರ ಕೆಲಸ.
ಹನ್ನೊಂದು ವರ್ಷ ನಾನು ಇದನ್ನು ಪುಲ್ಲಿ ಎಂದೇ ಕರೆದಿದ್ದೆ.

ಇನಾಸ ಸೀಮೆಸುಣ್ಣದಲ್ಲಿ ಗೆರೆ ಎಳೆದ,
ಗುಂಬದಿಂದ ರಬ್ಬರು ದಾಟಿ ಬಳೆಯ ಅಂಚಿನವರೆಗೆ,
ಒಂದೇ ನೇರ.
"ಹತ್ತು ಮಿನಿಟು ಓಡಿಸು."
ಓಡಿಸಿದೆ. ನಿಲ್ಲಿಸಿದೆ.
ಗೆರೆ ಎರಡಾಗಿತ್ತು.
ಒಳಗಿನದು ಮುಂದೆ, ಹೊರಗಿನದು ಎರಡು ಬೆರಳು ಹಿಂದೆ,
ಮುನಿಸಿಕೊಂಡು ಸಂತೆಗೆ ಹೊರಟ ಗಂಡಹೆಂಡಿರ ಹಾಗೆ.
ನಾನು ನಂಬಿದ ಟೈಮಿಂಗ್ ಗುರುತು
ಆ ಹೊರಗಿನ ಬಳೆಯ ಮೇಲಿತ್ತು.

ಬೋಲ್ಟು ಎರಡು ದಿನ ಅಲುಗಲಿಲ್ಲ.
ಸೀಮೆಎಣ್ಣೆ ಕುಡಿಸಿದೆವು. ಪಾನಾಕ್ಕೆ ಆಳುದ್ದದ ಪೈಪು ತೊಡಿಸಿ
ನಾನೂ ಖಲಾಸಿ ಗಣಬಾನೂ ನೇತಾಡಿದೆವು.
ಕಡೆಗೆ ಅದು ಕಿರುಚಿದಾಗ
ಧಕ್ಕೆಯ ನಾಯಿ ಎದ್ದು ಕೂತಿತು.
ಇನಾಸನೊಬ್ಬ ಬೀಡಿ ಹಚ್ಚುತ್ತಿದ್ದ.

ನಾನು ಸುತ್ತಿಗೆ ಎತ್ತಿದ್ದೆ. ತಡೆದ.
ಪುಲ್ಲರಿನ ಮೂರೂ ಬೋಲ್ಟು ಗುಂಬಕ್ಕೇ ಕಚ್ಚಿಸಿದ.
"ಬಳೆ ಹಿಡಿದು ಎಳೆಯಬಾರದು."
ಅಷ್ಟೇ ಹೇಳಿದ್ದು.

ಕಳಚಿ ಬಂದದ್ದನ್ನು ತೊಡೆಯ ಮೇಲಿಟ್ಟು
ರಬ್ಬರಿಗೆ ಉಗುರು ಹಾಕಿದ. ಒಂದು ಕಡೆ
ಒಣಗಿದ ಬೊಂಡಾಸಿನಂತೆ ಬಿರುಸು,
ಇನ್ನೊಂದು ಕಡೆ ಉಬ್ಬಿ, ಮೆತ್ತಗೆ, ಅಂಟಂಟು.
ಮೂಗಿಗೆ ಹಿಡಿದ.
ನನ್ನ ಮುಖ ನೋಡಿದ.

ಪ್ರತಿ ಶನಿವಾರ ನಾನು ಇಂಜಿನ್ನಿಗೆ
ಡೀಸೆಲ್ ಸ್ನಾನ ಮಾಡಿಸುತ್ತಿದ್ದೆ.
ಚಿಂದಿ ಅದ್ದಿ, ಸಂದುಗೊಂದು ಉಜ್ಜಿ,
ಕೊನೆಗೊಂದು ಅಬ್ಬಲಿಗೆ ದಂಡೆ ಏರಿಸಿ.
ಇಡೀ ಬಂದರಿನಲ್ಲಿ ನನ್ನದೇ ಹೊಳೆಯುತ್ತಿತ್ತು.
ಹನ್ನೊಂದು ವರ್ಷದ ಶನಿವಾರಗಳನ್ನು
ರಬ್ಬರು ಕುಡಿದುಕೊಂಡು ಕೂತಿತ್ತು.

"ಯಾಕೆ ಹೋಯ್ತಂತೆ?" ತಾಂಡೇಲರು ಕೇಳಿದರು.
ಇನಾಸ ಕಿವಿ ಮುಟ್ಟಿ ತಲೆಯಾಡಿಸಿದ.
ಮೂರು ಸಲ ಕೇಳಿದರು.
ಮೂರು ಸಲವೂ ಕೇಳಿಸಲಿಲ್ಲ.

ಹೊಸದು ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂತು,
ಗೋಣಿ ಸುತ್ತಿಕೊಂಡು, ಕಂಡಕ್ಟರನ ಕಾಲ ಬುಡದಲ್ಲಿ.
ಮೊದಲು ಎಣ್ಣೆ ಸೀಲು ಬದಲಿಸಿ,
ಉದ್ದ ಬೋಲ್ಟಿಗೆ ನಟ್ಟು ಹಾಕಿ, ಅರ್ಧ ಸುತ್ತು, ಉಸಿರು,
ಮತ್ತರ್ಧ, ಅದು ತಾನಾಗಿ ಮನೆಗೆ ಹೊಕ್ಕುವ ತನಕ.
ಪಂಪನ್ನು ಹೊಸ ಗುರುತಿಗೆ ತಿರುಗಿ ಕೂರಿಸಿದ್ದು ನಾನೇ.
ಸುತ್ತಿಗೆ ಪೆಟ್ಟಿಗೆ ಬಿಟ್ಟೇಳಲಿಲ್ಲ.

ಶುರು ಮಾಡಿದೆ. ಮುಳ್ಳು ಏರಿತು.
ಸಾವಿರದ ನೂರು. ಸಾವಿರದ ಇನ್ನೂರು. ಅಲ್ಲೇ ಹಿಡಿದೆ.
ಲೋಟದಲ್ಲಿ ಕಂಠಮಟ್ಟ ಚಹಾ.
ಕೆನೆ ನಿರಿಗೆಗಟ್ಟಲಿಲ್ಲ.
ಕುಡಿಯಲು ಮರೆತೆ, ಆರಿತು.

ಇನಾಸ ಸ್ಕ್ರೂಡ್ರೈವರ್ ನನ್ನ ಕಡೆ ಚಾಚಿದ.
ಅಂಗಿಗೆ ಒರೆಸಿ ಕಚ್ಚಿದೆ.
ಆರು ಗುದ್ದು, ಸರದಿಯಂತೆ,
ಮತ್ತೆ ಅವನ ಬೀಡಿಯ ರುಚಿ.