ಅರ್ಕಾವತ್ತು

ಮುನೀರ್, ಟೈಪ್ ಮಾಡು, ಅಂದರು ಮೇಡಂ,
ಬಸ್‌ಸ್ಟ್ಯಾಂಡಿನ ಹಿಂದಿನ ಕಚೇರಿಗೆ ನುಗ್ಗಿ, ಚಪ್ಪಲಿ ಕೂಡ ಬಿಡದೆ.
ಚುಕ್ಕೆ ಗುರುತಿನ ಪ್ರಶ್ನೆ. ನಾಳೆ ಐದಕ್ಕೆ ಪೋರ್ಟಲ್ ಮುಚ್ಚುತ್ತದೆ.

ಗುಡ್ಡೇನಕೊಪ್ಪಲಿನ ನಾಲೆಗೆ ಮೋರಿ ಯಾವಾಗ?
ಮಕ್ಕಳು ಇಂದಿಗೂ ತೆಂಗಿನ ದಿಮ್ಮಿಯ ಮೇಲೆ
ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಮ್ಮನ ಅಂಗಿ ಹಿಡಿದು
ದಾಟುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?

ತಮ್ಮನ ಅಂಗಿ ಬೇಡ, ತೆಗಿ, ಅಂದರು.
ಅಂಗಿಗೆಲ್ಲ ಯಾವ ಇಲಾಖೆ ಉತ್ತರ ಕೊಡುತ್ತೆ?

ನಾನು ನುಡಿಯಲ್ಲಿ ಕುಟ್ಟಿದೆ. ಹಾಸನದ ಇನ್‌ಸ್ಟಿಟ್ಯೂಟಿನಲ್ಲಿ
ಬೆರಳು ಕಲಿತ ಚಾಳಿ. ಪೋರ್ಟಲಿಗೆ ಯುನಿಕೋಡೇ ಬೇಕು.
ಬದಲಾಯಿಸಿದರೆ ಊರಿನ ಹೆಸರಿನ ಅರ್ಕಾವತ್ತು
ದಾರಿ ತಪ್ಪಿದ ಮದುವೆ ಗಂಡಿನ ಹಾಗೆ
ಪಕ್ಕದ ಪದದ ಚಪ್ಪರದಲ್ಲಿ ಹೋಗಿ ಕೂತಿತು.
ಹಿಡಿದು ತಂದು ಕೂರಿಸಿದೆ: ಅರ್ಕಲಗೂಡು.

ಮೂರು ವಾರಕ್ಕೆ ಸದನದ ಮೊಗಸಾಲೆಯಿಂದ ಫೋನು, ಪಿಸುದನಿ.
ಏನಯ್ಯಾ ಇದು, ಟ್ಯಾಬ್‌ನಲ್ಲಿ ಉತ್ತರ ಬಂದಿದೆ,
ಅರ್ಕಲಗೂಡು ತಾಲ್ಲೂಕಿನಲ್ಲಿ ಕಾಮಗಾರಿ ಪೂರ್ಣ, ಫೋಟೋ ಲಗತ್ತಿಸಿದೆ.
ಅರಕಲಗೂಡು ತಾಲ್ಲೂಕಿನಲ್ಲಿ ಅಂಥ ಪ್ರಸ್ತಾವನೆಯೇ ಇಲ್ಲ.

ಫೋಟೋ ದೊಡ್ಡದು ಮಾಡಿ ನೋಡಿದೆವು, ಅವರು ಅಲ್ಲಿ, ನಾನು ಇಲ್ಲಿ.
ಮೋರಿ ಚೆನ್ನಾಗಿದೆ.
ಹಿಂದೆ ಕಡಲು ಕಾಣುತ್ತದೆ.

ಮೇಡಂ ಎದ್ದು ಉಪಪ್ರಶ್ನೆ ಕೇಳಿದರಂತೆ, ಟ್ಯಾಬ್ ಎತ್ತಿ ಹಿಡಿದು:
ಮಾನ್ಯ ಸಭಾಧ್ಯಕ್ಷರೇ, ನಮ್ಮ ತಂಬಾಕಿನ ಹೊಲಕ್ಕೆ
ಹಡಗು ಬರುವುದು ಯಾವಾಗಿನಿಂದ?
ನಗು ಕಡತಕ್ಕೆ ಹೋಯಿತು.
ಪರಿಶೀಲಿಸಲಾಗುವುದು ಎಂಬುದೂ ಹೋಯಿತು.

ಭಾನುವಾರ ಕೊಪ್ಪಲಿಗೆ ಹೋದೆವು, ನಾವೇ ಫೋಟೋ ಹಿಡಿಯಲು.
ಜಿಪಿಎಸ್ ಸಿಗಲಿ ಅಂತ ಫೋನು ಮೇಲೆತ್ತಿ ನಿಂತಿದ್ದೆವು.
ದಿಮ್ಮಿಯ ಆಚೆ ತುದಿಯಿಂದ ಚಿಕ್ಕತಾಯಮ್ಮ ಕೂಗಿದಳು:
ಅದ್ಯಾಕವ್ವ ಹಂಗೆ ಆಕಾಸ ನೋಡ್ತಾ ನಿಂತಿದ್ದೀರಿ?
ಊರ ಹೆಸರು ಹೇಗೆ ಬರೀತೀರ ಅಜ್ಜಿ, ಅಂದೆ.
ನಾವೆಲ್ಲಿ ಬರೀತೀವಪ್ಪ. ಬಸ್ಸಿನವನಿಗೆ ಕೂಗಿ ಹೇಳ್ತೀವಿ.
ನಿಲ್ಲಿಸ್ತಾನೆ.

ಇಂದು ಮತ್ತೆ ಐದಕ್ಕೆ ಗಡುವು.
ಎರಡು ಬಗೆಯಲ್ಲೂ ಬರೆದು ನಡುವೆ ಒಂದು ಓರೆಗೆರೆ ಎಳೆದಿದ್ದೇನೆ.
ಈ ಚಿಹ್ನೆಗೆ ಅನುಮತಿಯಿಲ್ಲ, ಅನ್ನುತ್ತಿದೆ ಕೆಂಪಕ್ಷರ.
ನಾಲ್ಕೂ ನಲವತ್ತು.
ಮೇಡಂ ಚಪ್ಪಲಿ ಬಿಟ್ಟು, ಕುರ್ಚಿ ಎಳೆದು ಪಕ್ಕಕ್ಕೆ ಕೂತರು.
ತಮ್ಮನ ಅಂಗಿ ವಾಪಸ್ ಹಾಕು, ಅಂದರು.