ಎಷ್ಟು ಗಿಡ್ಡ?

ಅಂಗಡಿಯ ಕನ್ನಡಿ ಮೂರೂ ಬಿದ್ದು ಪುಡಿಯಾದವು.
ಕುರ್ಚಿ ಮಾತ್ರ ನಿಂತಿತ್ತು,
ಅದರ ಮೇಲೆ ಅರ್ಧ ಗೋಡೆ ಕೂತಿತ್ತು, ಗಿರಾಕಿಯ ಹಾಗೆ.
ಅಡಿಯಿಂದ ಪೆಟ್ಟಿಗೆ ಎಳೆದುಕೊಂಡೆ:
ಕತ್ತರಿ ಎರಡು, ಕತ್ತಿ ಒಂದು, ಬ್ಲೇಡಿನ ಪೊಟ್ಟಣ ಹನ್ನೊಂದು.
ಬನೇಪಾದಿಂದ ಗುಡ್ಡ ಹತ್ತಿ
ಆಸ್ಪತ್ರೆಯ ಅಂಗಳಕ್ಕೆ ಬಂದೆ.

ಒಳಗೆ ಯಾರೂ ಇರಲಿಲ್ಲ. ಭೂಮಿ ಇನ್ನೂ
ಮಗ್ಗುಲು ಬದಲಿಸುತ್ತಿತ್ತು; ಛಾವಣಿಯನ್ನು ಯಾರು ನಂಬುತ್ತಾರೆ?
ನೀಲಿ ಟಾರ್ಪಾಲಿನ ಕೆಳಗೆ, ಬೈಕು ನಿಲ್ಲಿಸುವ ಜಾಗದಲ್ಲಿ,
ಗುಲಾಬಿ ಗಿಡಗಳ ನಡುವೆ, ಜನ.
‘ರಕ್ತ ಕೊಡೋರು ಆ ಸಾಲು, ಸ್ಟ್ರೆಚರ್ ಹೊರೋರು ಈ ಸಾಲು.
ನಿಮಗೇನು ಬರುತ್ತೆ?’ ಅಂದಳು ನರ್ಸು ರೊಜಿನಾ.
ಪೆಟ್ಟಿಗೆ ತೆರೆದು ತೋರಿಸಿದೆ.
ಹೊಲಿಗೆಗೆ ಮುಂಚೆ ಕೂದಲು ತೆಗೆಯಬೇಕಲ್ಲ,
ತೋಳು ಹಿಡಿದೇ ಎಳೆದೊಯ್ದಳು.

ಹದಿನಾಲ್ಕು ವರ್ಷ ಈ ಊರಲ್ಲಿ
ತಲೆ ಕೊಟ್ಟವರೆಲ್ಲ ಕೇಳಿದ್ದು ಒಂದೇ: ‘ನೀನು ಯಾವ ದೇಶದವ?’
ಜನಕಪುರದವ ಸ್ವಾಮಿ, ಇದೇ ದೇಶದವ ಅಂತ
ಗಂಟಲ ಮೇಲೆ ಕತ್ತಿ ಇಟ್ಟೇ ಹೇಳುತ್ತಿದ್ದೆ, ನಯವಾಗಿ.
ಅವತ್ತು ಯಾರೂ ಕೇಳಲಿಲ್ಲ.
‘ಬಿಲಟ್ ದಾಜು, ಬೇಗ ಬನ್ನಿ’ ಅಂದರು, ಅಷ್ಟೆ.

ಕೂದಲ ತುಂಬ ಮನೆ.
ಮಣ್ಣು, ಸುಣ್ಣ, ಸೂರಿನ ಹುಲ್ಲು, ಮುಸುಕಿನ ಜೋಳದ ಸಿಪ್ಪೆ;
ಒಬ್ಬ ಮುದುಕನ ನೆತ್ತಿಯಲ್ಲಿ
ಬಾಗಿಲಿನ ಬಣ್ಣ, ಹಸಿರು.
ಮೊದಲು ಬಾಚಬೇಕು, ಮೆಲ್ಲಗೆ. ಹರಳು ಸಿಕ್ಕರೆ ಕತ್ತಿ ಮೊಂಡು.
ಹಾಳು ಅಭ್ಯಾಸ, ಬಾಯಿ ಕೇಳಿಬಿಡುತ್ತಿತ್ತು:
‘ಎಷ್ಟು ಗಿಡ್ಡ?’
ಕಾಲೆರಡೂ ಹಲಗೆಗೆ ಕಟ್ಟಿಸಿಕೊಂಡ ಮೇಷ್ಟ್ರೊಬ್ಬರು ನಕ್ಕುಬಿಟ್ಟರು.
ನಕ್ಕದ್ದಕ್ಕೆ ನೋವು ಹೆಚ್ಚಾಗಿ, ಬೈದರು.
ಬೈಸಿಕೊಂಡು ನನಗೆ ಖುಷಿಯಾಯಿತು.

ಮೂರನೆಯ ದಿನ ಗೇಟಿನ ಹೊರಗೂ ಸಾಲು.
ಅವರಿಗೆ ಗಾಯವಿಲ್ಲ.
ತಂದೆಯನ್ನೋ ತಾಯಿಯನ್ನೋ ಸುಟ್ಟು ಬಂದ ಗಂಡುಮಕ್ಕಳು.
ಬಟ್ಟೆ ಅಂಗಡಿ ತೆರೆದಿರಲಿಲ್ಲ,
ಹಾಸಿಗೆಯ ಬಿಳಿ ಚಾದರ ಸುತ್ತಿಕೊಂಡಿದ್ದರು.
ಒಳಗೆ ಬದುಕಲಿ ಎಂದು ಬೋಳಿಸುತ್ತಿದ್ದೆ,
ಹೊರಗೆ, ಸತ್ತರೆಂದು.
ಕೈಗೆ ವ್ಯತ್ಯಾಸ ತಿಳಿಯಲಿಲ್ಲ.
ನೀರು ಮಾತ್ರ ಬೇರೆ ಬೇರೆ ಬಕೀಟಿನಲ್ಲಿಟ್ಟೆ.

ಫುಲ್‌ಮಾಯಾ ತಮಾಂಗ್. ಒಂಬತ್ತೋ ಹತ್ತೋ.
ಕಿವಿಯ ಮೇಲೆ ಸೀಳು. ಕತ್ತರಿ ಕಂಡದ್ದೇ
ಜಡೆಯನ್ನು ಎರಡೂ ಕೈಯಲ್ಲಿ ಹಿಡಿದಳು.
‘ಅಮ್ಮ ಹೆಣೆದದ್ದು.’
ಯಾವಾಗ, ಅಂದೆ. ‘ಶನಿವಾರ ಬೆಳಿಗ್ಗೆ.’
ಅವತ್ತು ಬುಧವಾರ.
ಮುಂದಿನ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು;
ರೊಜಿನಾ ಕಣ್ಣಲ್ಲೇ ಬೇಡ ಅಂದಳು.

ಮದುಮಗನ ಗಡ್ಡಕ್ಕೂ ಅಷ್ಟು ಹೊತ್ತು ಹಿಡಿದಿಲ್ಲ.
ಜಡೆಯ ಬುಡ ಅಲುಗದಂತೆ
ಒಂದೊಂದೇ ಎಳೆ ಬೇರೆ ಮಾಡಿ
ಗಾಯದ ಸುತ್ತ, ಮಗುವಿನ ಬಳೆಯಷ್ಟು ಅಗಲ, ಬೋಳಿಸಿದೆ.
‘ಇಷ್ಟು ಹೊತ್ತೇನ್ರೀ?’ ಡಾಕ್ಟರು ರೇಗಿದರು.
ಆಮೇಲೆ ಜಡೆಯನ್ನೆತ್ತಿ ಅವಳ ಎದೆಯ ಮೇಲಿಟ್ಟು
ಹೊಲಿಯತೊಡಗಿದರು.

ಇನ್ನೆರಡು ದಿನಕ್ಕೆ ಅದು ತಾನೇ ಬಿಚ್ಚಿಕೊಳ್ಳುತ್ತೆ.
ಕೂದಲಿನ ಬುದ್ಧಿ ನನಗೆ ಗೊತ್ತಿಲ್ಲವೆ?
ಆದರೂ ಪೊಟ್ಟಣ ಕಟ್ಟಿದ್ದ ಕೆಂಪು ದಾರ ಬಿಚ್ಚಿ
ತುದಿಗೆ ಎರಡು ಸುತ್ತು ಬಿಗಿದೆ.

ಪೆಟ್ಟಿಗೆ ಎತ್ತುವಾಗ
‘ಎಷ್ಟಾಯಿತು?’ ಅಂದಳು, ದೊಡ್ಡವರ ಹಾಗೆ.
ಅಂಗೈಯಲ್ಲಿ ಮಡಿಚಿ ಮಡಿಚಿ ಮೆತ್ತಗಾದ ಐದು ರೂಪಾಯಿ.

ಚಿಲ್ಲರೆ ಇಲ್ಲಮ್ಮ, ಅಂದೆ.
ಮುಂದಿನ ಸಲ ಕೊಡು.