ಉಪ್ಪುಂಡ ಪಿಕಪ್ಪು

ಚೀಟಿ ಎತ್ತಿದ ದುಡ್ಡು, ನಲವತ್ತೆರಡು ಸಾವಿರ,
ಸೀಟಿನಡಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ.
ಕೂಳೂರಿನ ಮೈಯದ್ದಿ ಬ್ಯಾರಿಯ ಗ್ಯಾರೇಜಿಗೆ
ಹದಿನೇಳು ವರ್ಷದ ಪಿಕಪ್ಪು, ನಾನು,
ಮತ್ತು ಮೊಬೈಲು ಹಿಡಿದ ಅಳಿಯ ಧೀರೇಶ.

ಅವನ ಪಟ್ಟಿ: ದೊಡ್ಡ ಟರ್ಬೊ, ಅಗಲದ ಟಯರು,
ಹುಲಿವೇಷದ ತಾಸೆಯಂತೆ ಬಡಿಯುವ ಸೈಲೆನ್ಸರು.
"ಮಾವ, ಚಾರ್ಮಾಡಿ ಥರ್ಡಲ್ಲೇ ಹತ್ತುತ್ತದೆ."
ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು.
ಬಂಗುಡೆ ಹೊತ್ತು ಏದುವಾಗ
ಹಾಲಿನ ವ್ಯಾನು ಕೂಡ ಹಾರ್ನ್ ಹೊಡೆದು ದಾಟುತ್ತದೆ.

ಬ್ಯಾರಿ ಏನೂ ಹೇಳಲಿಲ್ಲ. ಅಡಿಗೆ ತೂರಿ
ಸ್ಕ್ರೂಡ್ರೈವರಿನಲ್ಲಿ ಚಾಸಿ ಕುಟ್ಟುತ್ತ ಹೋದರು.
ಟಣ್. ಟಣ್. ಟಣ್. ಆಮೇಲೆ
ಶಬ್ದವೇ ಇಲ್ಲ.
ಹಿಡಿಯವರೆಗೂ ಒಳಗೆ.

ಕ್ರೇಟಿನಿಂದ ಸೋರಿದ ಮಂಜುಗಡ್ಡೆಯ ನೀರು,
ಹದಿನೇಳು ವರ್ಷ, ದಿನಾ ಬೆಳಗಾತ, ಧಕ್ಕೆಯಿಂದ.
ನಮ್ಮ ಉಪ್ಪು ಅದು ತಿಂದಿತು, ಅದನ್ನು ಉಪ್ಪು ತಿಂದಿತು.

"ಕುದುರೆಶಕ್ತಿ ಆಮೇಲೆ ಮಾರಾಯ, ಮೊದಲು ಬೆನ್ನೆಲುಬು."
ಚಾಸಿಗೆ ಪಟ್ಟಿ, ಬ್ರೇಕಿಗೆ ಹೊಸ ಡ್ರಮ್ಮು,
ಹಿಂದಿನ ಪಾಟಾಗೆ ಒಂದೊಂದು ಎಲೆ ಹೆಚ್ಚು,
ರೇಡಿಯೇಟರು ಬಿಚ್ಚಿ ತೊಳೆಯುವುದು.
ಟರ್ಬೊ? ಇದ್ದದ್ದರ ಹೋಸು ಒಡೆದಿದೆ.
ಮುನ್ನೂರೈವತ್ತು ರೂಪಾಯಿ.

ಕಣ್ಣಿಗೆ ಕಾಣುವಂಥದ್ದು ಒಂದೂ ಇಲ್ಲ.
ಧೀರೇಶನ ಮೋರೆ ಒಣಗಿದ ಬೂತಾಯಿ.
ಉಳಿದ ಆರುನೂರರಲ್ಲಿ ಅವನಿಗೊಂದು ಹಾರ್ನು ಕೊಡಿಸಿದೆ.

ಆ ಹೋಸೊಂದಕ್ಕೇ ಹಾಲಿನ ವ್ಯಾನು ಹಿಂದೆ ಬಿತ್ತು, ಅದು ಬೇರೆ ಮಾತು.
ನಿನ್ನೆ ಸ್ಟೇರಿಂಗಿನಲ್ಲಿ ಅವನೇ,
ಮೂರನೇ ತಿರುವಿನಲ್ಲಿ ಎದುರಿಗೇ ಬಸ್ಸು.
ನಿಂತಿತು ಗಾಡಿ. ಕ್ರೇಟು ಕೂಡ ಜರುಗಲಿಲ್ಲ.
ಧೀರೇಶ
ಹಾರ್ನು ಒತ್ತಲು ಮರೆತಿದ್ದ.